ಮ್ಯಾಪ್ ನೋಡಿ ಮಲೆನಾಡಿಗೆ ಒಪ್ಪುವ ಮನೆ ಕಟ್ಟಬಹುದಾ?

ಪ್ರಶ್ನೆ: ಹೊಸನಗರದ ಕಡೆ ಇಳಿಜಾರಿನಲ್ಲಿ ಎಂಟು ಗುಂಟೆ ಜಾಗ ಇದೆ. ಸುತ್ತಲಿನ ಪ್ರಕೃತಿಗೆ ಒಗ್ಗುವ, ನಮ್ಮ ಕಡೆಯ ಮನೆ ಬೇಕು. ಗೂಗಲ್ ಅರ್ಥ್, ಮ್ಯಾಪ್ ಮಾಡುವ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಿಂದ ಉಪಯೋಗ ಇದೆಯಾ?

ಉತ್ತರ: ಇದೆ. ಮನೆ ಹೇಗಿರಬೇಕು ಅಂತ ಮ್ಯಾಪ್ ಹೇಳುವುದಿಲ್ಲ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತದೆ. ನಮ್ಮಲ್ಲಿ ಅಷ್ಟು ಗೊತ್ತಾದರೆ ಅರ್ಧ ಪ್ಲಾನ್ ಆದ ಹಾಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಿರುವಾಗ ‘ಮಲೆನಾಡು ಸ್ಟೈಲ್’ ಅಂತ ಒಂದೇ ನಕ್ಷೆ ಮಾರುವವರನ್ನು ನಂಬಬೇಡಿ.

ಮೊದಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಳ್ಳಿ. ಆಮೇಲೆ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆರೆಯಿರಿ. ಮಳೆಗಾಲದ್ದು ಬೇಡ, ಬರೀ ಮೋಡ. ಮಾರ್ಚ್, ಏಪ್ರಿಲ್‌ನದ್ದು ಹುಡುಕಿ. ಸುತ್ತ ಹುಲ್ಲೆಲ್ಲ ಒಣಗಿರುವಾಗ ಗುಡ್ಡದಿಂದ ಒಂದು ಹಸಿರು ಗೆರೆ ಇಳಿದು ಬಂದಿದ್ದರೆ ಅಲ್ಲಿ ನೆಲದಡಿ ತೇವ ಇದೆ. ಜುಲೈನಲ್ಲಿ ಅದೇ ಹಳ್ಳ ಆಗಬಹುದು. ಅಲ್ಲಿ ಅಡಿಪಾಯ ಬೇಡವೇ ಬೇಡ.

ಊರಿನ ಹಳೇ ಹೆಂಚಿನ ಮಾಡುಗಳನ್ನೂ ಹುಡುಕಿ. ಹೆಚ್ಚಿನವು ಕೆಳಗೆ ಗದ್ದೆ, ತೋಟ, ಹಿಂದೆ ಬೆಟ್ಟ, ನಡುವಿನ ಅಂಚಿನಲ್ಲಿ ಕೂತಿರುತ್ತವೆ. ಸುಮ್ನೆ ಅಲ್ಲ, ಪ್ರವಾಹಕ್ಕೂ ಸಿಗದೆ, ನೀರಿಗೂ ದೂರವಾಗದೆ ಆರಿಸಿಕೊಂಡ ಜಾಗ ಅದು.

ಕ್ಯೂಜಿಐಎಸ್ ಉಚಿತ. ಅದರಲ್ಲಿ 2000ರಲ್ಲಿ ನಾಸಾ ನೌಕೆ ರೇಡಾರ್ ಬಳಸಿ ಅಳೆದ ಎತ್ತರದ ಮಾಹಿತಿ ಹಾಕಿದರೆ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ), ನೀರಿನ ದಾರಿ ಎರಡೂ ಬರುತ್ತವೆ. ಆದರೆ ಅದರ ಒಂದೊಂದು ಚೌಕದ ಬದಿ 30 ಮೀಟರ್, ಅಂದರೆ ಸುಮಾರು ಒಂಬತ್ತು ಗುಂಟೆ. ನಿಮ್ಮ ಇಡೀ ಜಾಗ ಒಂದೇ ಚೌಕದಲ್ಲಿ ಮುಗಿದುಹೋಯಿತು! ಅಲ್ಲದೆ ರೇಡಾರ್ ಎಷ್ಟೋ ಕಡೆ ನೆಲದ ಬದಲು ಮರದ ತಲೆ ಅಳೆದಿರುತ್ತದೆ. ಅಡಕೆ ತೋಟ ಚಿಕ್ಕ ದಿಬ್ಬದ ಹಾಗೆ ಕಾಣಬಹುದು. ಹಾಗಾಗಿ ಅದು ಗುಡ್ಡ ಅರ್ಥ ಮಾಡಿಕೊಳ್ಳಲು ಸಾಕು, ಸೈಟಿಗೆ ಸಾಲದು.

ಕಾಂಟೂರ್ ಕಂಡಮೇಲೆ ಮನೆಯನ್ನು ಗೆರೆಯ ಉದ್ದಕ್ಕೆ ಮಲಗಿಸಿ, ಬೇಕಾದರೆ ಎರಡು ಮೆಟ್ಟಿಲು ಜಾಸ್ತಿ ಮಾಡಿ. ಜೆಸಿಬಿ ತಂದು ಗುಡ್ಡ ಕಡಿದು ಚಪ್ಪಟೆ ಮಾಡಿದಲ್ಲೇ ಧರೆ ಕುಸಿಯಲು ಶುರು. ಮುಂಗಾರು ಗಾಳಿ ನೈಋತ್ಯದ್ದು, ಆದರೆ ಪಕ್ಕದ ಗುಡ್ಡ ಅದನ್ನು ತಿರುಗಿಸುತ್ತದೆ. ಎರಚಲು ಹೊಡೆಯುವ ಕಡೆ ಸೂರು ಚಾಚಿ, ಜಗಲಿ ಬಿಡಿ. ಮಣ್ಣಿನ ಗೋಡೆಗೆ ನಮ್ಮವರು ಮಳೆಗಾಲದಲ್ಲಿ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ ಅಲ್ವಾ?

ಪ್ರಕೃತಿ ಪ್ರೇರಣೆ ಅಂತ ಎಲೆಯಾಕಾರದ ಮಾಡು ಹಾಕಿಸುವವರೂ ಇದ್ದಾರೆ. ನನಗದು ಹಿಡಿಸುವುದಿಲ್ಲ. ಮಳೆಕಾಡಿನ ಎಷ್ಟೋ ಎಲೆಗಳ ತುದಿ ಚೂಪಾಗಿ ನೀರು ಬೇಗ ಇಳಿಸುತ್ತದೆ. ಕಲಿಯಬೇಕಾದ್ದು ಆ ಕೆಲಸವನ್ನು, ಆಕಾರವನ್ನಲ್ಲ.

ಮುಂದಿನ ಜುಲೈನಲ್ಲಿ ಕೊಡೆ ಹಿಡಿದು ಜಾಗಕ್ಕೊಮ್ಮೆ ಹೋಗಿ, ನೀರು ಹರಿಯುವ ಕಡೆಗೆಲ್ಲ ಗೂಟ ಹೊಡೆದು ಬನ್ನಿ. ಮಳೆ ಬಿಟ್ಟ ಮೇಲೆ ಟೋಟಲ್ ಸ್ಟೇಷನ್ (ದೂರ, ಎತ್ತರ ನಿಖರವಾಗಿ ಅಳೆಯುವ ಯಂತ್ರ) ಇಟ್ಟುಕೊಂಡ ಸರ್ವೆಯವರಿಂದ ಆ ಗೂಟಗಳನ್ನೂ ಸೇರಿಸಿ ಅಳತೆ ಮಾಡಿಸಿ. ಇಂಜಿನಿಯರ್ ಕೈಗೆ ಕೊಡಬೇಕಾದ್ದು ಆ ನಕ್ಷೆ.