ಕನಿಷ್ಠ ಕಾನೂನು ಗಾತ್ರ: ಹತ್ತು ಸೆಂಟಿಮೀಟರ್ ಬೂತಾಯಿಯ ಲೆಕ್ಕ

ಕೇರಳದ ಕಡಲಲ್ಲಿ ಹಿಡಿಯಬಹುದಾದ ಮೀನು ಕಡಿಮೆಯೆಂದರೆ ಎಷ್ಟು ಉದ್ದ ಇರಬೇಕು ಎಂದು ಸರಕಾರ ಜಾತಿವಾರು ಗೊತ್ತು ಮಾಡಿದೆ. ಇದೇ ಕನಿಷ್ಠ ಕಾನೂನು ಗಾತ್ರ. ಇಲಾಖೆಯವರ ಬಾಯಲ್ಲಿ ಎಂಎಲ್‌ಎಸ್. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14, ಮದ್ಮಲ್‌ಗೆ 12, ಪಾಂಬೊಳ್‌ಗೆ (ರಿಬ್ಬನ್ ಮೀನು) 46, ಬೊಂಡಾಸಿಗೆ (ಸ್ಕ್ವಿಡ್) 8. ಮಂಜೇಶ್ವರ, ಕುಂಬಳೆ, ಕಾಸರಗೋಡು, ಚೆರುವತ್ತೂರಿನ ಮಡಕ್ಕರ, ಎಲ್ಲಿ ಇಳಿಸಿದರೂ ಇದೇ ಅಳತೆ. ಮಲಯಾಳಂ ಪಟ್ಟಿ ಕೈಗೆ ಸಿಕ್ಕಿದವರು ಮತ್ತಿ ಎಂದಲ್ಲಿ ಬೂತಾಯಿ, ಅಯಲ ಎಂದಲ್ಲಿ ಬಂಗುಡೆ, ಕಿಳಿಮೀನ್ ಎಂದಲ್ಲಿ ಮದ್ಮಲ್, ಕೂಂತಳ್ ಎಂದಲ್ಲಿ ಬೊಂಡಾಸ್ ಎಂದು ಓದಿಕೊಂಡರಾಯಿತು.

ದೇಶದಲ್ಲಿ ಇಂಥ ನಿಯಮ ಮೊದಲು ತಂದದ್ದು ಕೇರಳವೇ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನ ಮೇಲೆ 2015ರಲ್ಲಿ 14 ಜಾತಿಗಳಿಗೆ, 2017ರಲ್ಲಿ ಇನ್ನೂ 44ಕ್ಕೆ, ಒಟ್ಟು 58 ಜಾತಿಗಳಿಗೆ ಅಳತೆ ನಿಗದಿಯಾಯಿತು. ಆಧಾರ 1980ರ ಕೇರಳ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ.

ಅಳೆಯುವ ಕ್ರಮ ಸುಲಭ. ಮೀನನ್ನು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಬಾಯಿ ಮುಚ್ಚಿ, ಮೂತಿಯ ತುದಿಯಿಂದ ಬಾಲದ ಕೊನೆಯವರೆಗೆ ನೇರ ಅಳತೆ. ಹೊಟ್ಟೆಯ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ಲೆಕ್ಕ ಜಾಸ್ತಿ ಬರುತ್ತದೆ; ಅದು ಸಲ್ಲದು. ಬೊಂಡಾಸಿಗೆ ಕೈಕಾಲು ಲೆಕ್ಕಕ್ಕಿಲ್ಲ, ಬೆನ್ನ ಕಡೆಯಿಂದ ಕೊಳವೆಯಂಥ ಮೈಯಷ್ಟನ್ನೇ ಅಳೆಯಬೇಕು. ಏಡಿಗೆ ಚಿಪ್ಪಿನ ಅಗಲ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಸಣ್ಣ ಮೀನೆಲ್ಲ ಮರಿಯಲ್ಲ. ಕೊಲ್ಲತರು ಪೂರ್ತಿ ಬೆಳೆದರೂ ಬೆರಳುದ್ದವೇ. ಅದನ್ನು ಹಿಡಿಯುವುದು ತಪ್ಪಲ್ಲ. ಅಷ್ಟೇ ಉದ್ದದ ಬಂಗುಡೆ ಮಾತ್ರ ಹಸುಗೂಸು. ಅದಕ್ಕೇ ಎಲ್ಲಕ್ಕೂ ಒಂದೇ ಅಳತೆ ಇಡಲು ಬರುವುದಿಲ್ಲ.

ಹತ್ತು ಸೆಂ.ಮೀ. ಎಂಬುದು ಉದಾರವಾದ ಗೆರೆ. ಬೂತಾಯಿಯ ಹಿಂಡಿನಲ್ಲಿ ಬಹುಪಾಲು ಮೀನು ಮೊಟ್ಟೆ ಕಟ್ಟುವುದು 15 ಸೆಂ.ಮೀ. ಆಸುಪಾಸಿನಲ್ಲಿ. ಅಂದರೆ 11 ಸೆಂ.ಮೀ.ದು ಕಾನೂನಿಗೆ ಸರಿ, ಆದರೆ ಒಮ್ಮೆಯೂ ಮೊಟ್ಟೆ ಇಟ್ಟಿರಲಿಕ್ಕಿಲ್ಲ. ಗೆರೆಯನ್ನು 15ಕ್ಕೆ ಎಳೆದಿದ್ದರೆ ಆಗಸ್ಟ್‌ನಿಂದ ಕೆಲವು ತಿಂಗಳು ದೋಣಿ ದಡದಲ್ಲೇ ಇರಬೇಕಾಗುತ್ತಿತ್ತು. ಬಿಟ್ಟರೆ ಲಾಭವೆಷ್ಟು ಎನ್ನುವುದಕ್ಕೆ ತೂಕದ ಲೆಕ್ಕ ಸಾಕು: ಉದ್ದ ಇಮ್ಮಡಿಯಾದರೆ ಮೀನಿನ ತೂಕ ಸುಮಾರು ಎಂಟು ಪಟ್ಟಾಗುತ್ತದೆ. 7 ಸೆಂ.ಮೀ. ಬೂತಾಯಿ ಮೂರ್ನಾಲ್ಕು ಗ್ರಾಂ, ಒಂದು ಕಿಲೋ ಆಗಲು 250ಕ್ಕೂ ಹೆಚ್ಚು ಬೇಕು. ಅದೇ 15ಕ್ಕೆ ಬಂದರೆ ಮೂವತ್ತು ಮೀನಿಗೇ ಕಿಲೋ ತೂಗುತ್ತದೆ. ಎಲ್ಲವೂ ಬದುಕಿ ಉಳಿಯುವುದಿಲ್ಲ, ದೊಡ್ಡ ಮೀನಿಗೂ ಪಾಲು ಹೋಗುತ್ತದೆ. ಅದನ್ನು ಕಳೆದರೂ ಕಾದವನಿಗೇ ಗಿಟ್ಟುತ್ತದೆ.

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. 1994ರ ನಂತರ ಅಷ್ಟು ಕೆಳಗೆ ಇಳಿದದ್ದೇ ಇಲ್ಲ. ಮರಿ ಹಿಡಿದದ್ದೊಂದೇ ಇದಕ್ಕೆ ಕಾರಣವಲ್ಲ. ಎಲ್ ನಿನೋದಿಂದ ನೀರು ಬಿಸಿಯಾದದ್ದು, ಮಳೆ ಏರುಪೇರಾದದ್ದು ಬೂತಾಯಿಯನ್ನು ಬಾಧಿಸಿತು. ಕಡಲಿನ ಮುನಿಸು ನಮ್ಮ ಕೈಯಲ್ಲಿಲ್ಲ, ಬಲೆ ಇದೆ. ಮದ್ಮಲ್‌ನಲ್ಲಂತೂ ಈ ನಿಯಮ ಬಂದಮೇಲೆ ಇಳುವರಿ ಏರಿದ್ದನ್ನು ಅದೇ ಸಂಶೋಧನಾ ಸಂಸ್ಥೆ ಗುರುತಿಸಿದೆ.

ಈಗ ನಿಯಮ ಎಲ್ಲಿ ಜಾರುತ್ತದೆ ಎನ್ನುವುದು. ಮೀನು ಇಳಿಸುವ ಧಕ್ಕೆಯಲ್ಲಿ ಅಧಿಕಾರಿ ಅಳತೆಪಟ್ಟಿ ಹಿಡಿಯುವ ಹೊತ್ತಿಗೆ ಮೀನು ಸತ್ತಿರುತ್ತದೆ. ಮರಿಮೀನು ತುಂಬಿದ ಬೋಟನ್ನು ಹಿಡಿದರೆ ಮರಿಯನ್ನು ಹೊರಗಡಲಿಗೆ ಒಯ್ದು ಸುರಿಯುತ್ತಾರೆ, ಉಳಿದದ್ದನ್ನು ಹರಾಜು ಹಾಕಿ ಹಣವನ್ನು ಖಜಾನೆಗೆ ಕಟ್ಟುತ್ತಾರೆ, ದಂಡ 2.5 ಲಕ್ಷ ರೂಪಾಯಿವರೆಗೂ ಹೋಗುತ್ತದೆ. ಬೋಟಿನವನಿಗೆ ಪಾಠವಾದೀತು, ಸುರಿದ ಮರಿ ಮಾತ್ರ ಈಜುವುದಿಲ್ಲ. ಆದ್ದರಿಂದ ಗಾತ್ರದ ನಿಯಮ ಕೆಲಸ ಮಾಡಬೇಕಾದ್ದು ಬಲೆಯ ಕಣ್ಣಿನಲ್ಲಿ.

ಟ್ರಾಲ್ ಬಲೆಯ ತುದಿಯ ಚೀಲದ ಕಣ್ಣು 35 ಮಿ.ಮೀ.ಗಿಂತ ಕಿರಿದಾಗಬಾರದು. ಇದು ಕಣ್ಣನ್ನು ಪೂರ್ತಿ ಎಳೆದು ಹಿಡಿದಾಗ ಗಂಟಿನಿಂದ ಎದುರು ಗಂಟಿಗೆ ಬರುವ ಅಳತೆ. ಮಾಮೂಲಿ ವಜ್ರಾಕಾರದ ಕಣ್ಣಾದರೆ, ಬೋಟ್ ಎಳೆಯುತ್ತಾ ಚೀಲಕ್ಕೆ ಭಾರ ಬಿದ್ದಂತೆ ನೂಲು ಉದ್ದಕ್ಕೆ ಜಗ್ಗಿ ಕಣ್ಣು ಸೀಳಾಗಿ ಮುಚ್ಚಿಕೊಳ್ಳುತ್ತದೆ. 35 ಎಂದು ಬರೆದಿದ್ದರೂ ಮರಿ ನುಸುಳಲು ಜಾಗವಿಲ್ಲ. ಅದೇ ಬಲೆಯನ್ನು ತಿರುಗಿಸಿ ಚೌಕ ಕಣ್ಣಾಗಿ ಜೋಡಿಸಿದರೆ ಎಳೆತದ ಭಾರ ಉದ್ದದ ನೂಲಿನ ಮೇಲೇ ಬೀಳುತ್ತದೆ. ಆಗ 17.5 ಮಿ.ಮೀ. ಬದಿಯ ಚೌಕ ತೆರೆದೇ ಇರುತ್ತದೆ. ಚೌಕ ಕಣ್ಣಿನ ಚೀಲ ಹಾಕಿ, ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ತೂರಿಸಿದರೆ ಇಷ್ಟೂ ವ್ಯರ್ಥ. ತಪಾಸಣೆಯವರು ಚೀಲದ ಒಳಗೆ ಕೈ ಹಾಕಿ ನೋಡಬೇಕಾದ್ದು ಇದಕ್ಕೇ.

ರಾಣಿ ಬಲೆಯದ್ದು ಬೇರೆ ಕಥೆ. ಇಲ್ಲಿ ಹಿಂಡನ್ನೇ ಸುತ್ತುವರಿಯುವುದರಿಂದ ಕಣ್ಣು ಜರಡಿಯಾಗುವುದಿಲ್ಲ. ಬಲೆಯ ಅಡಿ ಬಿಗಿದು, ಮೀನು ಇನ್ನೂ ಸಲೀಸಾಗಿ ಈಜುತ್ತಿರುವಾಗಲೇ ಒಂದು ಬುಟ್ಟಿ ಎತ್ತಿ ನೋಡಬೇಕು. ಮರಿಯೇ ಹೆಚ್ಚೆಂದಾದರೆ ಆಗಲೇ ಅಡಿ ಬಿಚ್ಚಬೇಕು. ಬಲೆ ಕಿರಿದಾಗಿ ಮೀನು ಒತ್ತೊತ್ತಾದ ಮೇಲೆ ಬಿಟ್ಟು ಪ್ರಯೋಜನವಿಲ್ಲ. ಬೂತಾಯಿಯ ಪೊರೆ ಬಹಳ ಬೇಗ ಉದುರುತ್ತದೆ, ಪೊರೆ ಹೋದ ಮೀನು ಬದುಕುವುದು ಕಷ್ಟ. ಡೀಸೆಲ್ ಸುಟ್ಟು ಬಂದವರು ತುಂಬಿದ ಬಲೆ ಬಿಚ್ಚುವುದು ಹೇಳಿದಷ್ಟು ಹಗುರವಲ್ಲ, ನಿಜ. ಪಟ್ಟಬಲೆಯವರಿಗೆ ಈ ತಲೆನೋವಿಲ್ಲ. ಕಿವಿರು ಸಿಕ್ಕಿಕೊಳ್ಳುವ ಗಾತ್ರದ ಮೀನು ಮಾತ್ರ ಉಳಿಯುತ್ತದೆ, ಮರಿ ತಾನಾಗಿ ದಾಟುತ್ತದೆ.

ಕೊಳ್ಳುವವರಿಲ್ಲದಿದ್ದರೆ ಮರಿ ಹಿಡಿಯುವವರೂ ಕಡಿಮೆಯಾಗುತ್ತಿದ್ದರು. ಮನೆ ಸಾರಿಗೆ ಬಾರದ ಮರಿ ಮೀನುಹುಡಿ, ಮೀನೆಣ್ಣೆಯ ಕಾರ್ಖಾನೆಗೆ ಹೋಗುತ್ತದೆ. ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ಉಳ್ಳಾಲದಲ್ಲೇ ಅಂಥವು ಇವೆ. ಆ ಹುಡಿ ಸಿಗಡಿ ಮತ್ತು ಮೀನು ಸಾಕಣೆಯ ಆಹಾರಕ್ಕೆ ಸೇರುತ್ತದೆ. ಸಾಕಣೆ ಹೆಚ್ಚಿಸಿದರೆ ಕಡಲಿನ ಹೊರೆ ಇಳಿಯುತ್ತದೆ ಎಂಬ ಮಾತನ್ನು ಹಾಗಾಗಿ ಪೂರ್ತಿ ನಂಬಲಾಗದು; ಆಹಾರ ಯಾವುದರಿಂದ ಎನ್ನುವುದನ್ನೂ ಕೇಳಬೇಕು.

ಗಡಿಯ ತೊಡಕು ಬೇರೆ ಇದೆ. ರಾಜ್ಯದ ಕಾಯ್ದೆ ನಡೆಯುವುದು ದಡದಿಂದ 12 ನಾಟಿಕಲ್ ಮೈಲು, ಸುಮಾರು 22 ಕಿ.ಮೀ.ವರೆಗೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಬೂತಾಯಿಗೆ ತಲಪಾಡಿಯ ಗೇಟು ಗೊತ್ತಿಲ್ಲ, ಮಂಜೇಶ್ವರದ ಎದುರು ಬೆಳೆದದ್ದು ಮಂಗಳೂರಿನ ಧಕ್ಕೆಯಲ್ಲಿ ಇಳಿಯಬಹುದು. 12 ಮೈಲಿನಾಚೆಗೆ ಕೇಂದ್ರದ ಅಧಿಕಾರ. 2017ರಲ್ಲಿ ರಾಷ್ಟ್ರೀಯ ಸಮುದ್ರ ಮೀನುಗಾರಿಕಾ ನೀತಿ ಬಂತು. ಅದೇ ವರ್ಷ ಆ ಹೊರಗಡಲಲ್ಲಿ ಎಲ್‌ಇಡಿ ಬೆಳಕಿನ ಮೀನುಗಾರಿಕೆ ಮತ್ತು ಜೋಡಿ ಟ್ರಾಲಿಂಗ್ ನಿಷೇಧವಾಯಿತು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳಲ್ಲಿ ಕನಿಷ್ಠ ಗಾತ್ರವೂ ಸೇರಿದೆ. ಹೊರಗಡಲಿಗೂ ಅಳತೆ ನಿಗದಿಯಾದರೆ, ಮರಿ ಸಿಕ್ಕಿದ್ದು ಗೆರೆಯ ಆಚೆಗೆ ಎಂಬ ಸಬೂಬು ಧಕ್ಕೆಯಲ್ಲಿ ನಡೆಯುವುದಿಲ್ಲ.