ನೆಲಮಾಳಿಗೆಗೆ ಸಿಮೆಂಟ್ ಬಳಿಯುವ ಮುನ್ನ

ವಿಜಯಪುರದ ಹಳೆಯ ಊರಿನಲ್ಲಿ ಮನೆ ದುರಸ್ತಿಗೆ ಕರೆದವರು ಮೊದಲು ಕೇಳುವುದು, ‘ನೆಲಮಾಳಿಗೆಯಲ್ಲಿ ನಿಧಿ ಇರಬಹುದೇ?’ ಎಂದು. ನನಗೆ ಈವರೆಗೆ ಸಿಕ್ಕಿದ್ದು ಒಡಕು ಬಿಂದಿಗೆಗಳು ಮಾತ್ರ. ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ. ಈ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಮಾತ್ರ ನಗು ಬರುವುದಿಲ್ಲ: ‘ಗೋಡೆ ಬೆವರುತ್ತಿದೆ, ಸಿಮೆಂಟ್ ಬಳಿಸಿಬಿಡೋಣವೇ?’

ಬೇಡ.

ಈ ಗೋಡೆಗಳು ಇಡಿಯಾಗಿ ಕರಿಕಲ್ಲಿನವು ಎಂದು ಕಾಣುತ್ತವೆ, ಹಾಗಿರುವುದು ಅಪರೂಪ. ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು, ಮಣ್ಣು, ಸುಣ್ಣ. ಕರಿಕಲ್ಲು ನೀರು ಹೀರುವುದು ತೀರ ಕಡಿಮೆ. ತೇವ ಓಡಾಡುವುದು ನಡುವಿನ ತುಂಬುವಿಕೆಯಲ್ಲಿ, ಆರುವುದು ಸಂದುಗಳ ಸುಣ್ಣದ ಗಚ್ಚಿನ ಮೂಲಕ. ಸಿಮೆಂಟ್ ಮುಚ್ಚುವುದು ಈ ಆರುವ ದಾರಿಯನ್ನು, ನೀರು ಬರುವ ದಾರಿಯನ್ನಲ್ಲ. ಮಣ್ಣಿನಿಂದ ನೀರು ಬರುತ್ತಲೇ ಇರುತ್ತದೆ, ಹೊರಬೀಳಲು ಜಾಗವಿಲ್ಲದೆ ಮೇಲೇರುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪಡಸಾಲೆಯ ಗೋಡೆಗೆ ಮೊಣಕಾಲೆತ್ತರದ ಕಲೆ, ಅದರ ಅಂಚಿನಲ್ಲಿ ಬಿಳಿ ಉಪ್ಪು. ಆಗ ಫೋನ್ ಬರುತ್ತದೆ: ‘ಮೇಲೂ ಬಂತು ಸರ್, ಅಲ್ಲಿಗೂ ಬಳಿಸೋಣವೇ?’ ಮತ್ತೆ ಹೇಳುತ್ತೇನೆ, ನೀರು ಹೋಗಿರಲಿಲ್ಲ. ನಿಮ್ಮ ಕಣ್ಣಿಗೆ ಬೀಳದಂತಾಗಿತ್ತು, ಅಷ್ಟೇ.

ಅಂಥ ಒಂದು ಮನೆಯಲ್ಲಿ ಸಿಮೆಂಟನ್ನು ಸುತ್ತಿಗೆಯಿಂದ ತಟ್ಟಿದರೆ ಎಲ್ಲೆಡೆ ಪೊಳ್ಳು ಸದ್ದು. ಅಂಗೈಯಗಲ ಬಿಡಿಸಿದಾಗ ಹಿಂದಿನ ಗಚ್ಚು ಒದ್ದೆ ಹಿಟ್ಟಾಗಿ ಬೆರಳಿಗಂಟಿತು. ‘ನಮ್ಮ ಅತ್ತೆಯ ಕಾಲದಲ್ಲಿ ಇಲ್ಲಿಯೇ ಜೋಳ ಇಡುತ್ತಿದ್ದರು, ಒಂದು ಕಾಳೂ ಮುಗ್ಗುತ್ತಿರಲಿಲ್ಲ’ ಎಂದರು ಮನೆಯ ಅಜ್ಜಿ. ಅವರ ಮಾತನ್ನು ಮಗನೂ ಕೇಳಿರಲಿಲ್ಲ, ಗುತ್ತಿಗೆದಾರನೂ ಕೇಳಿರಲಿಲ್ಲ. ಹೊರಗೆ ಹೋಗಿ ನೋಡಿದೆ. ನೆಲಮಾಳಿಗೆಯ ಗವಾಕ್ಷಿಗಳು ರಸ್ತೆಯ ಕೆಳಗಿದ್ದವು! ಡಾಂಬರಿನ ಮೇಲೆ ಡಾಂಬರು ಹಾಕುತ್ತ ರಸ್ತೆ ಏರಿ, ಚರಂಡಿಯ ನೀರು ನೇರವಾಗಿ ಗೋಡೆಯ ಬುಡಕ್ಕೆ ನಿಲ್ಲುತ್ತಿತ್ತು.

ಮೊದಲು ನೀರಿನ ಮೂಲ ಹುಡುಕಿ: ಚರಂಡಿ, ಚಾವಣಿಯ ನೀರು, ಬಚ್ಚಲು. ಗವಾಕ್ಷಿ ತೆರೆಯಿರಿ. ಸಿಮೆಂಟನ್ನು ಚಾಣದಿಂದ ಬಿಡಿಸಿ. ಬ್ರೇಕರ್ ಯಂತ್ರದ ನಡುಕಕ್ಕೆ ಕಮಾನಿನ ಕಲ್ಲು ಸಡಿಲವಾಗಬಹುದು. ಆಮೇಲೆ ಕಾಯಬೇಕು, ಬಹುಶಃ ಒಂದು ಬೇಸಿಗೆ ಪೂರ್ತಿ. ನಂತರವೇ ಸುಣ್ಣದ ಗಚ್ಚು. ಎಲ್ಲ ಮನೆಗೂ ಇದೇ ಮದ್ದು ಎನ್ನಲಾರೆ. ಎರೆಮಣ್ಣು ಉಬ್ಬಿ ಗೋಡೆ ಬಾಗಿದ್ದರೆ ಲೆಕ್ಕವೇ ಬೇರೆ. ಸಂರಕ್ಷಿತ ಸ್ಮಾರಕದಿಂದ 300 ಮೀಟರ್ ಒಳಗಿನ ಮನೆಯಾದರೆ ದುರಸ್ತಿಗೂ ಅನುಮತಿ ಬೇಕಾಗುತ್ತದೆ, ಮೊದಲೇ ವಿಚಾರಿಸಿ.

ಸಿಮೆಂಟ್ ನೆಲ ಕಿತ್ತಾಗ ಕೆಲವೊಮ್ಮೆ ಮುಚ್ಚಿಹೋದ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಂಡಿಯ, ಬಾಯಿ ಕಾಣುತ್ತದೆ. ಕೊಳೆತ ಕಾಳು ಆಮ್ಲಜನಕವನ್ನು ತಿಂದು, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡನ್ನು ತಳದಲ್ಲಿ ಉಳಿಸಿರುತ್ತದೆ. ದೀಪ ಇಳಿಬಿಟ್ಟು ನೋಡುವುದನ್ನು ನಂಬಬೇಡಿ, ಎಲ್ಲ ವಿಷಗಾಳಿಯೂ ದೀಪ ಆರಿಸುವುದಿಲ್ಲ. ಗಾಳಿ ಅಳೆಯುವ ಉಪಕರಣ ಬರುವವರೆಗೆ ಯಾರೂ ಇಳಿಯಬಾರದು. ಇಳಿದವನು ಕುಸಿದರೆ ಅವನನ್ನು ಎತ್ತಲೆಂದು ಇನ್ನೊಬ್ಬ ಧುಮುಕುವುದಂತೂ ಬೇಡವೇ ಬೇಡ.