ಮರಳು ಬಚ್ಚಿಟ್ಟ ನೀರು

ಮರಳು ಅಂದರೆ ಬರಡು ಎಂದು ನಾವು ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೇವೆ. ನೀರು ಹೊಯ್ದರೆ ನಿಲ್ಲುವುದಿಲ್ಲ, ಗೊಬ್ಬರ ಹಾಕಿದರೆ ಉಳಿಯುವುದಿಲ್ಲ, ಅಲ್ಲಿ ಏನು ತಾನೇ ಬೆಳೆದೀತು ಅಲ್ವಾ? ಮೊದಲ ಎರಡು ಮಾತು ಬಹುಮಟ್ಟಿಗೆ ನಿಜ. ಮೂರನೆಯದು ತಪ್ಪು. ಎಷ್ಟು ತಪ್ಪು ಎಂದು ತಿಳಿಯಬೇಕಾದರೆ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿರುವ ಸ್ಯಾಂಡ್‌ಹಿಲ್ಸ್ ಸೀಮೆಯನ್ನು ನೋಡಬೇಕು.

ಅದರ ವಿಸ್ತಾರ ಸುಮಾರು 50,000 ಚದರ ಕಿಲೋಮೀಟರ್. ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟೂ ಗಾಳಿ ಗುಡ್ಡೆ ಹಾಕಿದ ಮರಳು ದಿಬ್ಬಗಳೇ. ಕೆಲವು 120 ಮೀಟರ್ ಎತ್ತರ, 30 ಕಿಲೋಮೀಟರ್ ಉದ್ದ ಇವೆ. ಪಶ್ಚಿಮ ಗೋಳಾರ್ಧದಲ್ಲಿ ಇಷ್ಟು ದೊಡ್ಡ ಮರಳು ದಿಬ್ಬಗಳ ಸೀಮೆ ಇನ್ನೊಂದಿಲ್ಲ. ಆದರೆ ಅಲ್ಲಿ ಮರಳು ಕಾಣುವುದೇ ಅಪರೂಪ. ಕಣ್ಣು ಹಾಯುವಷ್ಟು ದೂರವೂ ಹುಲ್ಲು. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳು. ವರ್ಷದ ಮಳೆ ಪಶ್ಚಿಮದಲ್ಲಿ ಸುಮಾರು 430 ಮಿಲಿಮೀಟರ್, ಪೂರ್ವದಲ್ಲಿ 580. ನಮ್ಮ ಬಯಲುಸೀಮೆಯ ಒಣ ತಾಲೂಕುಗಳ ಲೆಕ್ಕ ಅದು.

ದಿಬ್ಬದ ಮೇಲೆ ಗುದ್ದಲಿ ಹಾಕಿದರೆ ಮೊದಲು ಸಿಗುವುದು ಕಂದು ಬಣ್ಣದ ತೆಳು ಪದರ. ದಪ್ಪ ಒಂದು ಗೇಣೂ ಇಲ್ಲ. ಹುಲ್ಲಿನ ಬೇರು ಹೆಣೆದುಕೊಂಡಿರುವುದರಿಂದ ಅದು ಹೆಂಟೆಯ ಹಾಗೆ ಎದ್ದು ಬರುತ್ತದೆ. ಅದರ ಕೆಳಗೆ ತಿಳಿ ಕಂದು ಮರಳು. ಎಷ್ಟು ಅಗೆದರೂ ಅದೇ ಮರಳು. ಜೇಡಿಯ ಪದರ ಇಲ್ಲ, ಸುಣ್ಣಕಲ್ಲಿನ ಪದರ ಇಲ್ಲ. ಗುಂಡಿಯ ಗೋಡೆ ಒಣಗಿದರೆ ಸುರಿದು ಬೀಳುತ್ತದೆ. ಈ ಮಣ್ಣಿಗೆ ಮಣ್ಣುವಿಜ್ಞಾನಿಗಳು ಇಟ್ಟ ಹೆಸರು ವ್ಯಾಲೆಂಟೈನ್. ಅಲ್ಲಿನ ಒಂದು ಊರಿನ ಹೆಸರೇ ಅದು. ಪದರಗಳು ಮೂಡಲು ಮಣ್ಣು ಸಾವಿರಾರು ವರ್ಷ ಒಂದೇ ಕಡೆ ಕೂತಿರಬೇಕು. ಇದು ಕೂತಿಲ್ಲ. ಸುಮಾರು 800ರಿಂದ 1,000 ವರ್ಷಗಳ ಹಿಂದೆ ದೀರ್ಘ ಬರಗಾಲಗಳು ಬಂದಾಗ ಹುಲ್ಲು ಸತ್ತು, ಈ ದಿಬ್ಬಗಳು ಎದ್ದು ನಡೆದಾಡಿದ್ದವು. ಹೊಯ್ಸಳರು ಬೇಲೂರು, ಹಳೇಬೀಡು ಕಟ್ಟುತ್ತಿದ್ದ ಕಾಲಕ್ಕೆ ಹತ್ತಿರದ ಸಂಗತಿ. ಮಣ್ಣಿನ ಲೆಕ್ಕದಲ್ಲಿ ಮೊನ್ನೆ ಮೊನ್ನೆ.

ಮರಳು ನಡೆಯುವ ರೀತಿಯನ್ನು ಮೊದಲು ಸರಿಯಾಗಿ ಅಳೆದವನು ರಾಲ್ಫ್ ಬ್ಯಾಗ್ನೋಲ್ಡ್. ಬ್ರಿಟಿಷ್ ಸೈನ್ಯದ ಎಂಜಿನಿಯರ್. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ ಕಾರು ಓಡಿಸಿ, 1930ರ ದಶಕದಲ್ಲಿ ಲಂಡನ್ನಿನಲ್ಲಿ ಗಾಳಿ ಸುರಂಗ ಇಟ್ಟುಕೊಂಡು ಪ್ರಯೋಗ ಮಾಡಿದ. ಮರಳು ಹಾರುವುದಕ್ಕಿಂತ ಜಾಸ್ತಿ ಜಿಗಿಯುತ್ತದೆ ಎಂದು ತೋರಿಸಿದ. ಒಂದು ಹರಳು ಗಾಳಿಗೆ ಎದ್ದು, ಸ್ವಲ್ಪ ಮುಂದೆ ಬಿದ್ದು, ಬಿದ್ದ ಪೆಟ್ಟಿಗೆ ಬೇರೆ ಹರಳುಗಳನ್ನು ಎಬ್ಬಿಸುತ್ತದೆ. ಬಹುಪಾಲು ಜಿಗಿತ ಮೊಣಕಾಲಿನ ಮಟ್ಟವನ್ನೂ ದಾಟುವುದಿಲ್ಲ. ಧೂಳಿನಂಥ ನಯ ಪುಡಿ ಮೇಲೇರಿ ದೂರ ಹೋಗುತ್ತದೆ, ದಪ್ಪ ಕಲ್ಲು ಹಿಂದೆ ಉಳಿಯುತ್ತದೆ. ಗುಡ್ಡೆಯಾಗುವುದು ನಡುಗಾತ್ರದ, ಹೆಚ್ಚುಕಡಿಮೆ ಒಂದೇ ಅಳತೆಯ ಹರಳು.

ತಲಕಾಡಿನಲ್ಲಿ ಆದದ್ದೂ ಇದೇ. ಬೇಸಿಗೆಯಲ್ಲಿ ಕಾವೇರಿಯ ತಿರುವಿನಲ್ಲಿ ಪಾತ್ರ ಒಣಗಿ ಮರಳು ತೆರೆದುಕೊಳ್ಳುತ್ತದೆ. ನೈಋತ್ಯದ ಗಾಳಿ ಅದನ್ನು ದಡಕ್ಕೆ ತಂದು ಗುಡಿಗಳ ಮೇಲೆ ಪೇರಿಸಿತು. ಅಲಮೇಲಮ್ಮನ ಶಾಪ ಕಥೆಯಾಗಿ ಮನ ಕಲಕುತ್ತದೆ, ಅದನ್ನು ಮಕ್ಕಳಿಗೆ ಖಂಡಿತ ಹೇಳೋಣ. ಆದರೆ ಮರಳು ಬರಲು ಶಾಪವೇ ಕಾರಣ ಎಂದು ಓದಿದವರೂ ಹೇಳುವಾಗ ನನಗೆ ಬೇಸರವಾಗುತ್ತದೆ. ನದಿ, ಗಾಳಿ, ಹರಳಿನ ಗಾತ್ರ, ಈ ಮೂರು ಸಾಕು.

ಇನ್ನು ನೀರಿನ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಣಗಿದ ನೆಲಕ್ಕೆ 20 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಜೇಡಿ ಮಣ್ಣು ತುಂಬ ನೀರು ಹಿಡಿಯುತ್ತದೆ. ಹಾಗಾಗಿ ಆ ಮಳೆ ಮೇಲಿನ ಎಂಟು-ಹತ್ತು ಸೆಂಟಿಮೀಟರ್‌ನಲ್ಲೇ ಮುಗಿದುಹೋಗುತ್ತದೆ. ಮರಳು ಸ್ವಲ್ಪವೇ ಹಿಡಿಯುತ್ತದೆ. ಉಳಿದದ್ದನ್ನು ಕೆಳಗಿನ ಹರಳಿಗೆ ಬಿಟ್ಟುಕೊಡುತ್ತದೆ, ಅದು ಇನ್ನೂ ಕೆಳಗಿನದಕ್ಕೆ. ಅದೇ ಮಳೆ ಅಲ್ಲಿ 25 ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. ಮರುದಿನ ಬಿಸಿಲು ಬರುತ್ತದೆ. ಜೇಡಿಯ ನೀರೆಲ್ಲ ಬಿಸಿಲಿನ ಕೈಗೆ ಸಿಗುವಷ್ಟು ಮೇಲೇ ಇದೆ. ಸಣ್ಣ ಸಣ್ಣ ಸಂದುಗಳ ಮೂಲಕ ಪಸೆ ಮೇಲೇರಿ ಬರುತ್ತಲೇ ಇರುತ್ತದೆ, ಆವಿಯಾಗುತ್ತಲೇ ಇರುತ್ತದೆ. ಮರಳಿನಲ್ಲಿ ಮೇಲಿನ ಕೆಲವು ಸೆಂಟಿಮೀಟರ್ ಬೇಗ ಒಣಗುತ್ತದೆ. ಅಷ್ಟಕ್ಕೇ ಹರಳಿನಿಂದ ಹರಳಿಗೆ ಇದ್ದ ನೀರಿನ ಪೊರೆ ಹರಿದುಹೋಗುತ್ತದೆ. ಹರಳುಗಳ ನಡುವಿನ ಸಂದು ದೊಡ್ಡದು, ಅದನ್ನು ದಾಟಿ ಮೇಲೆ ಬರಲು ಪಸೆಗೆ ದಾರಿಯೇ ಇಲ್ಲ. ಕೆಳಗಿನ ನೀರು ಕೆಳಗೇ ಉಳಿಯುತ್ತದೆ. ಉತ್ತರ ಕರ್ನಾಟಕದ ರೈತರು ಎರೆಹೊಲದಲ್ಲಿ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಹುಡಿ ಮಾಡುತ್ತಾರಲ್ಲ, ಅಲ್ಲೂ ಕೆಲಸ ಮಾಡುವುದು ಇದೇ ತತ್ವ. ಮರಳು ದಿಬ್ಬಕ್ಕೆ ಕುಂಟೆಯ ಅಗತ್ಯವಿಲ್ಲ.

ಇಸ್ರೇಲಿನ ಪರಿಸರ ವಿಜ್ಞಾನಿ ಇಮಾನ್ಯುಯೆಲ್ ನೋಯ್-ಮೇರ್ 1973ರಲ್ಲಿ ಇದನ್ನು ಒಂದು ನಿಯಮವಾಗಿಯೇ ಮುಂದಿಟ್ಟರು. ಮಳೆ ಧಾರಾಳವಾಗಿರುವ ಕಡೆ ಜೇಡಿ ಬೆರೆತ ಮಣ್ಣು ಮೇಲು, ಮಳೆ ಕಡಿಮೆ ಇರುವ ಕಡೆ ಮರಳು ಮೇಲು. 1988ರಲ್ಲಿ ಅಮೆರಿಕದ ಹುಲ್ಲುಗಾವಲುಗಳ ಅಂಕಿಅಂಶ ಇಟ್ಟು ನೋಡಿದಾಗ ಆ ಗೆರೆ ವರ್ಷಕ್ಕೆ 370 ಮಿಲಿಮೀಟರ್ ಹತ್ತಿರ ಬಂತು. ಸ್ಯಾಂಡ್‌ಹಿಲ್ಸ್ ಸರಾಸರಿಯಲ್ಲಿ ಈ ಗೆರೆಗಿಂತ ಮೇಲಿದೆ, ಬರದ ವರ್ಷ ಅದರ ಪಶ್ಚಿಮ ಭಾಗ ಕೆಳಗೆ ಜಾರುತ್ತದೆ. ಅಷ್ಟೇ ಮಳೆ ಬೀಳುವ ಪಕ್ಕದ ಗಟ್ಟಿ ನೆಲದಲ್ಲಿ ಗಿಡ್ಡ ಹುಲ್ಲು ಇದ್ದರೆ, ದಿಬ್ಬದ ಮೇಲೆ ಆಳಕ್ಕೆ ಬೇರು ಬಿಡುವ ಎತ್ತರದ ಹುಲ್ಲು ನಿಂತಿರುತ್ತದೆ. ಬೇರಿಗೂ ಸಿಗದೆ ಇಳಿದ ನೀರು ಅಂತರ್ಜಲ ಸೇರುತ್ತದೆ. ಈ ದಿಬ್ಬಗಳ ಕೆಳಗೆ ಕೆಲವು ಕಡೆ ನೀರು ತುಂಬಿದ ಪದರ ಸುಮಾರು 300 ಮೀಟರ್ ದಪ್ಪ. ಇಲ್ಲಿನ ಡಿಸ್ಮಲ್ ನದಿಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ನೀರು ಹರಿಯುತ್ತದೆ. ಕಾರಣ ಅದೇ.

ಇದನ್ನು ಹೊಲ ಮಾಡಲು ಹೊರಟವರು ಕಷ್ಟಪಟ್ಟರು. 1904ರ ಕಿಂಕೇಡ್ ಕಾಯ್ದೆ ಒಂದೊಂದು ಕುಟುಂಬಕ್ಕೆ 640 ಎಕರೆ ಕೊಟ್ಟಿತು. ನೇಗಿಲು ಹೂಡಿದ ಕಡೆ ಆ ತೆಳು ಕಂದು ಪದರ ಹೋಯಿತು, ಮರಳು ಎದ್ದಿತು. ಎಷ್ಟೋ ಜನ ಜಮೀನನ್ನು ದನ ಸಾಕುವವರಿಗೆ ಮಾರಿ ಹೊರಟರು. ಈಗ ಕೆಲವು ಕಡೆ ಬೋರ್‌ವೆಲ್ ನೀರನ್ನು ದುಂಡಗೆ ಸುತ್ತುವ ಯಂತ್ರದಿಂದ ಚಿಮುಕಿಸಿ ಮೆಕ್ಕೆಜೋಳ ಬೆಳೆಯುತ್ತಾರೆ. ಆದರೆ ನೀರನ್ನು ಕೆಳಗೆ ಬಿಡುವ ಮರಳು ಗೊಬ್ಬರದ ನೈಟ್ರೇಟನ್ನೂ ಕೆಳಗೆ ಬಿಡುತ್ತದೆ. ಕುಡಿಯುವ ನೀರು ಇರುವುದೂ ಅಲ್ಲೇ. ನನ್ನ ಮಟ್ಟಿಗೆ ಇದು ದೊಡ್ಡ ತಪ್ಪು. ಈ ನೆಲಕ್ಕೆ ಹುಲ್ಲೇ ಸರಿಯಾದ ಬೆಳೆ.

ಹುಲ್ಲಿನ ಹಿಡಿತವಂತೂ ಬಲವಾದದ್ದು. ನೆಬ್ರಾಸ್ಕ ವಿಶ್ವವಿದ್ಯಾಲಯದವರು ಈ ಶತಮಾನದ ಮೊದಲ ದಶಕದಲ್ಲಿ ದಿಬ್ಬದ ಮೇಲೆ ದೊಡ್ಡ ದೊಡ್ಡ ವೃತ್ತಗಳಲ್ಲಿ ಕಳೆನಾಶಕ ಹೊಡೆದು ಹುಲ್ಲನ್ನು ಸಾಯಿಸಿ ನೋಡಿದರು. ಮರಳು ತಕ್ಷಣ ಹಾರಲಿಲ್ಲ. ಸತ್ತ ಬೇರುಗಳೇ ಅದನ್ನು ಹಿಡಿದುಕೊಂಡಿದ್ದವು. ಬೇರು ಕೊಳೆಯುತ್ತ ಬಂದ ಮೇಲೆ ಗಾಳಿಗೆ ಅವಕಾಶ ಸಿಕ್ಕಿತು.

ದನಗಳು ಒಂದೇ ಜಾಡಿನಲ್ಲಿ ತುಳಿದರೆ ಹುಲ್ಲು ಹರಿಯುತ್ತದೆ, ಗಾಳಿ ಆ ಬಾಯಿಂದ ಮರಳು ತೋಡಿ ದೊಡ್ಡ ಕುಳಿ ಮಾಡುತ್ತದೆ. ರೈತರು ಅದರೊಳಗೆ ಹಳೇ ಟೈರು, ಹುಲ್ಲಿನ ಕಟ್ಟು ತುಂಬಿ ಮುಚ್ಚುತ್ತಾರೆ. ಸರಿಯಾದ ಕೆಲಸವೇ. ಆದರೆ ಇಂಥ ಬತ್ತಲೆ ಕುಳಿಯಲ್ಲೇ ಬೆಳೆಯುವ, ನಸುನೇರಳೆ ಹೂ ಬಿಡುವ ಬ್ಲೋಔಟ್ ಪೆನ್‌ಸ್ಟೆಮನ್ ಎಂಬ ಗಿಡವೊಂದಿದೆ. ಕುಳಿಗಳು ಮುಚ್ಚುತ್ತ ಬಂದಂತೆ ಅದೂ ಕಡಿಮೆಯಾಯಿತು. ನಶಿಸಿಯೇ ಹೋಯಿತು ಎಂದುಕೊಂಡಿದ್ದಾಗ 1968ರಲ್ಲಿ ಮತ್ತೆ ಸಿಕ್ಕಿತು. 1987ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಈಗ ಅದರ ಸಸಿಗಳನ್ನು ಬೆಳೆಸಿ, ಇನ್ನೂ ತೆರೆದಿರುವ ಕುಳಿಗಳನ್ನು ಹುಡುಕಿ ನೆಡುತ್ತಿದ್ದಾರೆ. ಹಾಗಾಗಿ ಅಲ್ಲಿನ ದಿಬ್ಬಗಳಲ್ಲಿ ಈಗ ಎರಡು ಕೆಲಸವೂ ನಡೆಯಬೇಕು: ಹೆಚ್ಚಿನ ಕುಳಿಗಳನ್ನು ಮುಚ್ಚಬೇಕು, ಕೆಲವನ್ನು ಬೇಕೆಂದೇ ಗಾಳಿಗೆ ಬಿಡಬೇಕು.